ಎಂ2 ಕೂಪೆ: ನಂದಿ ಬೆಟ್ಟಕ್ಕೂ ಎನ್‌ಎಚ್ 44ಕ್ಕೂ ಸ್ಟೀರಿಂಗ್, ಸಸ್ಪೆನ್ಷನ್ ಹೇಗಿಡೋದು?

ಕಂದವಾರ_ಕೆರೆ:
ಕಾರು ಬಿಎಂಡಬ್ಲ್ಯು ಎಂ2, ಜಿ87 ಅನ್ನೋ ಕೋಡ್‌ನ ಮಾಡೆಲ್. ಸಸ್ಪೆನ್ಷನ್, ಟಯರ್ ಅಳತೆ ಎಲ್ಲಾ ಕಂಪನಿಯದ್ದೇ. ಓಡಾಟ ಚಿಕ್ಕಬಳ್ಳಾಪುರ ಊರೊಳಗಿನ ಹಂಪ್‌ಗಳು, ಎನ್‌ಎಚ್ 44, ಆಮೇಲೆ ನಂದಿ ಬೆಟ್ಟದ ಘಾಟಿ. ಚಾಸಿಯನ್ನ (ಸಸ್ಪೆನ್ಷನ್ ಬಿಗಿಯ ಸೆಟ್ಟಿಂಗ್) ಸ್ಪೋರ್ಟ್ ಪ್ಲಸ್‌ಗೆ ಹಾಕಿದ್ರೆ ಬೆಟ್ಟದ ತಿರುವಲ್ಲಿ ತೇಪೆ ಬಂದ ಕಡೆ ಹಿಂಭಾಗ ಕುಪ್ಪಳಿಸಿ ಪಕ್ಕಕ್ಕೆ ಸರಿಯುತ್ತೆ, ಡಿಎಸ್‌ಸಿ (ಕಾರು ಜಾರದಂತೆ ತಡೆಯೋ ವ್ಯವಸ್ಥೆ) ದೀಪ ಮಿನುಗುತ್ತೆ. ಕಂಫರ್ಟ್‌ನಲ್ಲಿದ್ರೆ ಹೈವೇ ಸೇತುವೆ ಜಾಯಿಂಟ್ ದಾಟಿದ ಮೇಲೆ ಮೂತಿ ಇನ್ನೊಂದು ಸಲ ತೂಗಾಡುತ್ತೆ. ಸ್ಟೀರಿಂಗ್ ಸ್ಪೋರ್ಟ್‌ನಲ್ಲಿ ಭಾರ ಆಗುತ್ತೆ ಅಷ್ಟೇ, ರಸ್ತೆ ಸುದ್ದಿ ಕೈಗೆ ಜಾಸ್ತಿ ಬರಲ್ಲ. ಸ್ಟೀರಿಂಗ್ ಮೇಲಿನ ಎಂ1, ಎಂ2 ಬಟನ್‌ಗಳಲ್ಲಿ ಏನೇನು ಸೇವ್ ಮಾಡೋದು? ಸ್ಪೋರ್ಟ್‌ಗೆ ಹಾಕಿದ್ರೆ ಕಾರು ಕೆಳಗಿಳಿಯುತ್ತಾ?

ಸ್ಪ್ಯಾನರ್_19:
ಕೊನೇ ಪ್ರಶ್ನೆ ಮೊದಲು: ಇಳಿಯಲ್ಲ. ಸ್ಪ್ರಿಂಗ್ ಉಕ್ಕಿನದ್ದು, ಅದರ ಎತ್ತರವೂ ಬದಲಾಗಲ್ಲ, ಬಿಗಿಯೂ ಬದಲಾಗಲ್ಲ. ಮೋಡ್ ಮುಟ್ಟೋದು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಒಳಗಿನ ವಾಲ್ವನ್ನ ಮಾತ್ರ. ಎಣ್ಣೆ ಹರಿಯೋ ದಾರಿ ಕಿರಿದಾದಷ್ಟೂ ಪಿಸ್ಟನ್ ಓಡಾಟ ಬಿಗಿ. ಹಂಪ್‌ಗೆ ಹೊಟ್ಟೆ ಉಜ್ಜುತ್ತೆ ಅಂದ್ರೆ ಅದಕ್ಕೆ ಮದ್ದು ಬಟನ್‌ನಲ್ಲಿಲ್ಲ. ಓರೆಯಾಗಿ, ನಡಿಗೆ ವೇಗದಲ್ಲಿ, ಹಂಪ್ ಮೇಲೆ ಬ್ರೇಕ್ ಒತ್ತದೆ ದಾಟಿಸಿ. ಬ್ರೇಕ್ ಒತ್ತಿದ್ರೆ ಮೂತಿ ಬಗ್ಗಿ ಇದ್ದ ಜಾಗವೂ ಹೋಗುತ್ತೆ.

ಈಗ ತೇಪೆ ವಿಷಯ. ಚಕ್ರ ಉಬ್ಬು ಹತ್ತಿದಾಗ ಅದು ಒಂದೇ ಮೇಲಕ್ಕೆ ಹೋಗ್ಬೇಕು, ಬಾಡಿ ಅಲ್ಲಾಡ್ಬಾರ್ದು. ಡ್ಯಾಂಪರ್ ಬಿಗಿಯಾಗಿದ್ರೆ ಚಕ್ರ ಬಾಡಿಯನ್ನೂ ಜೊತೆಗೆ ಎತ್ತುತ್ತೆ, ತಗ್ಗು ಬಂದಾಗ ಬೇಗ ಕೆಳಗೂ ಬರಲ್ಲ. ಆ ಅರೆಕ್ಷಣ ಟಯರ್ ಮೇಲೆ ಭಾರ ಇರಲ್ಲ, ತಿರುವಿನಲ್ಲಿದ್ರೆ ಪಕ್ಕಕ್ಕೆ ಜಾರುತ್ತೆ. ದೀಪ ಮಿನುಗಿದ್ದು ಇದಕ್ಕೇ. ಸ್ಪೋರ್ಟ್ ಪ್ಲಸ್ ಇರೋದು ರೇಸ್ ಟ್ರ್ಯಾಕ್‌ನಂಥ ನುಣುಪು ಡಾಂಬರಿಗೆ. ಘಾಟಿಗೆ ಅದನ್ನ ಹಾಕೋದು ಜಂಬಕ್ಕೆ ಸರಿ, ಹಿಡಿತಕ್ಕಲ್ಲ.

ಹೈವೇದು ಇದರ ತಿರುಗುಮುರುಗು. ಅಲ್ಲಿ ಉದ್ದನೆ ಅಲೆ, ಜಾಸ್ತಿ ವೇಗ. ಕುಗ್ಗಿದ ಸ್ಪ್ರಿಂಗ್ ಮತ್ತೆ ಎದ್ದೇಳೋದನ್ನ ತಡೆಯೋ ಶಕ್ತಿ ಸಾಲದೆ ಮೂತಿ ತೂಗುತ್ತೆ. ಮಧ್ಯದ ಸ್ಪೋರ್ಟ್ ಸಾಕು.

ಕಾರಿನ ಹೆಸರೂ ಎಂ2, ಬಟನ್ ಹೆಸರೂ ಎಂ2, ತಲೆ ಕೆಡುತ್ತೆ. ಎಡ, ಬಲ ಅಂತ ಹೇಳ್ತೀನಿ.
ಎಡ ಬಟನ್, ಹೈವೇಗೆ: ಚಾಸಿ ಸ್ಪೋರ್ಟ್, ಸ್ಟೀರಿಂಗ್ ಕಂಫರ್ಟ್, ಬ್ರೇಕ್ ಕಂಫರ್ಟ್.
ಬಲ ಬಟನ್, ಬೆಟ್ಟಕ್ಕೆ: ಚಾಸಿ ಕಂಫರ್ಟ್, ಎಂಜಿನ್ ಸ್ಪೋರ್ಟ್, ಸ್ಟೀರಿಂಗ್ ನಿಮ್ಮಿಷ್ಟ, ಡಿಎಸ್‌ಸಿ ಪೂರ್ತಿ ಆನ್. ಮಂಜು, ಕೋತಿಗಳು, ಮಳೆಗೆ ಹರಿದು ಬಂದ ಜಲ್ಲಿ ಇರೋ ರಸ್ತೇಲಿ ಎಂ ಡೈನಮಿಕ್ ಮೋಡ್ (ಕಾರು ಸ್ವಲ್ಪ ಜಾರೋಕೆ ಬಿಡೋ ಡಿಎಸ್‌ಸಿ ಮೋಡ್) ಬೇಡವೇ ಬೇಡ.
ಗೇರ್ ಪಕ್ಕದ ಸೆಟಪ್ ಬಟನ್ ಒತ್ತಿ, ಪರದೇಲಿ ಒಂದೊಂದನ್ನೂ ಆರಿಸಿ, ಆಮೇಲೆ ಸ್ಟೀರಿಂಗ್ ಮೇಲಿನ ಕೆಂಪು ಬಟನ್ನನ್ನ ಸೇವ್ ಆಯ್ತು ಅನ್ನೋವರೆಗೂ ಒತ್ತಿ ಹಿಡಿದಿರಿ.

ಸ್ಟೀರಿಂಗ್ ಬಗ್ಗೆ ನಿಮ್ಮ ಅನುಮಾನ ಸರಿ. ಸ್ಪೋರ್ಟ್‌ನಲ್ಲಿ ಎಲೆಕ್ಟ್ರಿಕ್ ಮೋಟರ್ ಕೊಡೋ ಸಹಾಯ ಕಮ್ಮಿ ಆಗುತ್ತೆ, ಅಷ್ಟೇ. ಸ್ಟೀರಿಂಗ್ ಎಷ್ಟು ತಿರುಗಿಸಿದ್ರೆ ಚಕ್ರ ಎಷ್ಟು ತಿರುಗುತ್ತೆ ಅನ್ನೋದು ಚಕ್ರಗಳನ್ನ ತಿರುಗಿಸೋ ಹಲ್ಲಿನ ಸರಳು, ಅಂದ್ರೆ ರ‍್ಯಾಕ್‌ನ ಹಲ್ಲಲ್ಲಿ ಕಡೆದಿಟ್ಟ ಲೆಕ್ಕ, ಮೋಡ್‌ಗೆ ಅದು ಬಗ್ಗಲ್ಲ. ಬದಲಿಗೆ ಕೂರೋ ಭಂಗಿ ಸರಿಮಾಡಿ: ಬೆನ್ನು ಸೀಟಿಗೆ ಒತ್ತಿಕೊಂಡೇ ಕೈ ಚಾಚಿದ್ರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ನೆತ್ತಿ ಮೇಲೆ ಕೂರ್ಬೇಕು. ಕೂರಲಿಲ್ಲ ಅಂದ್ರೆ ಸ್ಟೀರಿಂಗ್ ಕಾಲಮ್ಮನ್ನ ಹತ್ತಿರಕ್ಕೆ ಎಳ್ಕೊಳ್ಳಿ.

ಗಾಳಿ_ನೋಡಣ್ಣ:
ಇಷ್ಟೆಲ್ಲಾ ಮಾಡೋಕ್ ಮುಂಚೆ ಗಾಳಿ ನೋಡಿ. ಈ ಕಾರಿಗೆ ಮುಂದೆ 275/35 ಆರ್19, ಹಿಂದೆ 285/30 ಆರ್20. ಲೆಕ್ಕ ಹಾಕಿ, 285ರ ಶೇ. 30 ಅಂದ್ರೆ ಹಿಂದಿನ ಟಯರ್ ಗೋಡೆ 85 ಮಿ.ಮೀ. ಚಿಲ್ಲರೆ. ಗಾಳಿ 4–5 ಪಿಎಸ್‌ಐ ಜಾಸ್ತಿ ಇದ್ರೆ ಕಂಫರ್ಟ್‌ನಲ್ಲೂ ಕುಪ್ಪಳಿಸುತ್ತೆ, ಕಮ್ಮಿ ಇದ್ರೆ ಗುಂಡಿಗೆ ರಿಮ್ ಬಗ್ಗುತ್ತೆ. ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿರೋ ಅಂಕಿ ತಣ್ಣಗಿನ ಟಯರ್‌ಗೆ. ಕಾರು ನಿಂತು 3 ಗಂಟೆ ಆಗಿರ್ಬೇಕು. ಬಂಕ್‌ವರೆಗೂ ಓಡಿಸಿಕೊಂಡು ಹೋಗಿ, ಬಿಸಿಗೆ ಏರಿದ ಗಾಳಿಯನ್ನ ಬಿಟ್ರೆ ಬೆಳಿಗ್ಗೆ ಹೊತ್ತಿಗೆ ಕಮ್ಮಿ ಆಗಿರುತ್ತೆ. ಸ್ವಂತ ಡಿಜಿಟಲ್ ಗೇಜ್ ಇಟ್ಕೊಳ್ಳಿ, ಬಂಕಿನ ಮೀಟರ್‌ಗಳು ಒಂದರ ಮಾತು ಇನ್ನೊಂದು ಒಪ್ಪಲ್ಲ.

ದುರ್ಗದ_ತಿರುವು:
ಮಧ್ಯೆ ಬಾಯಿ ಹಾಕ್ತಿದೀನಿ. ತುಮಕೂರು–ದೇವರಾಯನದುರ್ಗ ಕಡೆ ಓಡಾಡೋ ಹಳೇ ಕೂಪೆಗೆ ನಾಬ್ ತಿರುಗಿಸಿ ಕ್ಲಿಕ್ ಲೆಕ್ಕದಲ್ಲಿ ಬಿಗಿ ಬದಲಿಸೋ ಕಾಯ್ಲೋವರ್ (ಸ್ಪ್ರಿಂಗ್, ಡ್ಯಾಂಪರ್ ಸೇರಿದ ಸೆಟ್) ಹಾಕಿದ್ರೆ ಸೆಟ್ಟಿಂಗ್ ಎಲ್ಲಿಂದ ಶುರು?

ಸ್ಪ್ಯಾನರ್_19:
ನಾಬ್ ಪೂರ್ತಿ ಬಿಗಿ ಕಡೆ ಮೆಲ್ಲಗೆ ತಿರುಗಿಸಿ. ನಿಂತ ಜಾಗವೇ ಸೊನ್ನೆ, ಅಲ್ಲಿಂದ ಹಿಂದಕ್ಕೆ ಎಣಿಸಿ. ಸಡಿಲ ತುದಿಯಿಂದ ಎಣಿಸಿದ್ರೆ ಎಡಬಲ ತಾಳೆ ಆಗೋ ಭರವಸೆ ಇಲ್ಲ. ತಯಾರಕರು ಹೇಳಿದ ಮಧ್ಯದ ಅಂಕಿಯಲ್ಲಿಟ್ಟು, ಒಂದು ಆಕ್ಸಲ್, ಒಂದು ಸಲಕ್ಕೆ 2 ಕ್ಲಿಕ್, ಅದೇ ರಸ್ತೆ, ಅದೇ ವೇಗ. ಪ್ರತಿ ಸಲ ಬರೆದಿಡಿ, ಮರೆತುಹೋಗುತ್ತೆ.

ತಪ್ಪಾಗೋದು ಹೆಚ್ಚಾಗಿ ರೀಬೌಂಡ್‌ನಲ್ಲಿ, ಅಂದ್ರೆ ಕುಗ್ಗಿದ ಸ್ಪ್ರಿಂಗ್ ಎದ್ದೇಳೋದನ್ನ ತಡೆಯೋ ಬಿಗಿಯಲ್ಲಿ. ತೀರಾ ಬಿಗಿಯಾದ್ರೆ ರಂಬಲ್ ಸ್ಟ್ರಿಪ್ ಮೇಲೆ ಗೊತ್ತಾಗುತ್ತೆ: ಮೊದಲ ಪಟ್ಟಿಗೆ ಕುಗ್ಗಿದ ಸ್ಪ್ರಿಂಗ್ ಬಿಚ್ಚಿಕೊಳ್ಳೋ ಮುಂಚೆ ಎರಡನೇದು, ಅಷ್ಟರಲ್ಲಿ ಮೂರನೇದು. ಕಾರು ಮೆಟ್ಟಿಲಿಳಿದ ಹಾಗೆ ಕೂತ್ಕೊಂಡು ಕೊನೆಗೆ ಬಂಪ್ ಸ್ಟಾಪ್‌ಗೆ (ಸಸ್ಪೆನ್ಷನ್ನಿನ ಕೊನೇ ತಡೆಗೆ) ಧಡ್ ಅನ್ನುತ್ತೆ. ಜನ ಇದನ್ನ ಕೇಳಿ ಸ್ಪ್ರಿಂಗ್ ಮೆದು ಅಂತ ಇನ್ನೂ ಬಿಗಿ ಮಾಡ್ತಾರೆ. 2 ಕ್ಲಿಕ್ ಸಡಿಲಿಸಿ.

ಕಂಪನಿ ಎಲೆಕ್ಟ್ರಾನಿಕ್ ಡ್ಯಾಂಪರ್ ಇದ್ದ ಕಾರಾದ್ರೆ ಪ್ಲಗ್ ಬಿಚ್ಚಿದ ಕೂಡಲೇ ಚಾಸಿ ಎರರ್ ಬರುತ್ತೆ. ಅದಕ್ಕೆ ಡಿಲೀಟ್ ಮಾಡ್ಯೂಲ್ (ಡ್ಯಾಂಪರ್ ಇನ್ನೂ ಇದೆ ಅಂತ ಕಾರನ್ನ ನಂಬಿಸೋ ಭಾಗ) ಅಥವಾ ಕೋಡಿಂಗ್ ಬೇಕು, ಅದರ ಖರ್ಚನ್ನೂ ಸೇರಿಸ್ಕೊಳ್ಳಿ.

ಕಂದವಾರ_ಕೆರೆ:
ಗಾಳಿ 5 ಪಿಎಸ್‌ಐ ಜಾಸ್ತಿ ಇತ್ತು! ಸರಿ ಮಾಡಿ, ಬೆಟ್ಟಕ್ಕೆ ಚಾಸಿ ಕಂಫರ್ಟ್ ಇಟ್ಟ ಮೇಲೆ ದೀಪ ಮಿನುಗೋದು ನಿಂತಿದೆ. ಆದ್ರೆ ನೇರ ಹೋಗುವಾಗ ಸ್ಟೀರಿಂಗ್ ಒಂಚೂರು ಎಡಕ್ಕೆ ವಾಲಿದೆ, ಯಾವ ಮೋಡ್‌ನಲ್ಲೂ.

ಸ್ಪ್ಯಾನರ್_19:
ಯಾವ ಮೋಡ್‌ನಲ್ಲೂ ಇದ್ರೆ ಅದು ಅಲೈನ್‌ಮೆಂಟ್. ಮೊದಲು ಹಿಂದಿನ ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರೋ ಕೋನ), ಆಮೇಲೆ ಸ್ಟೀರಿಂಗ್ ನೇರಕ್ಕೆ ಲಾಕ್ ಮಾಡಿ ಮುಂದಿನ ಟೋ. ಸ್ಟೀರಿಂಗ್ ಚಕ್ರ ಮಾತ್ರ ಕಳಚಿ, ತಿರುಗಿಸಿ ಕೂರಿಸ್ತೀವಿ ಅಂದ್ರೆ ಒಪ್ಪಬೇಡಿ, ಸ್ಟೀರಿಂಗ್ ಕೋನ ಅಳೆಯೋ ಸೆನ್ಸರ್‌ನ ನೇರ ಬೇರೆ, ನಿಮ್ಮ ಕಣ್ಣಿನ ನೇರ ಬೇರೆ ಆಗುತ್ತೆ. ಮುಗಿದ ಮೇಲೆ ಸ್ಟೀರಿಂಗ್ ಆಂಗಲ್ ಸೆನ್ಸರ್ ಕ್ಯಾಲಿಬ್ರೇಟ್ ಮಾಡಿಸಿ, ಮುಂಚಿನ ಮತ್ತು ಆಮೇಲಿನ ಅಂಕಿ ಎರಡೂ ಇರೋ ಪ್ರಿಂಟ್ ಇಸ್ಕೊಳ್ಳಿ. ಗಾಲಿ ಬಿಚ್ಚಿದ್ರೆ ಬೋಲ್ಟ್ 140 ಎನ್‌ಎಂ, ಟಾರ್ಕ್ ರೆಂಚ್‌ನಲ್ಲಿ. ಏರ್ ಗನ್‌ನಲ್ಲಿ ಬಿಗಿದು ಬಿಡೋಕೆ ಬಿಡಬೇಡಿ.