‘ಓವರ್‌ಡೋಸ್’ಗೆ ಕನ್ನಡದಲ್ಲಿ ಏನನ್ನಬೇಕು? (ಕ್ಲಿನಿಕ್ ಬೋರ್ಡಿಗೆ, ತುರ್ತು)

ಮೇಡಂ, ನಮಸ್ಕಾರ.

ನಿಮ್ಮ ಕ್ಲಿನಿಕ್ಕಿನ ಗೋಡೆಗೆ ಓಪಿಯಾಯ್ಡ್ (ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಔಷಧ, ಡ್ರಗ್ಸ್) ಓವರ್‌ಡೋಸ್ ಬಗ್ಗೆ ಬೋರ್ಡು, ಸಿಬ್ಬಂದಿಗೊಂದು ಹಾಳೆ ಬರೆಯಲು ಕನ್ನಡ ಪದಗಳನ್ನು ಕೇಳಿದಿರಿ. ಬೋರ್ಡು ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು ಎಂದಿರಿ. ಇಲ್ಲಿ ಬಂದಿರುವ ಉತ್ತರಗಳು ನಿಘಂಟಿಗೆ ಆಗುತ್ತವೆ, ಗೋಡೆಗೆ ಆಗುವುದಿಲ್ಲ. ನನ್ನ ಓಟು ‘ಓವರ್‌ಡೋಸ್’ಗೇ. ಮೈಸೂರಿನ ಯಾವ ಹಾಸ್ಟೆಲ್ಲಿನಲ್ಲಿ ಕೇಳಿದರೂ ಅರ್ಥವಾಗುತ್ತದೆ.

‘ಅತಿಮಾತ್ರೆ’ ಬೇಡ. ಛಂದಸ್ಸು ಓದಿದವರಿಗೆ ಮಾತ್ರೆ ಎಂದರೆ ಅಳತೆ. ಹಾಸ್ಟೆಲ್ ಹುಡುಗರಿಗೆ ಮಾತ್ರೆ ಎಂದರೆ ಗುಳಿಗೆ. ಸೂಜಿ ಚುಚ್ಚಿಕೊಂಡು ಬಿದ್ದವನು ಆ ಲೆಕ್ಕಕ್ಕೇ ಬರುವುದಿಲ್ಲ.

‘ಮಿತಿಮೀರಿದ ಸೇವನೆ’ ಪೇಪರಿನ ಭಾಷೆ. ಯಾರ ಮಿತಿ? ಡಾಕ್ಟರು ನೋವಿಗೆ ಬರೆದುಕೊಟ್ಟ ಟ್ರಮಡಾಲ್ ಜೊತೆಗೆ ಹೆಂಡ ಅಥವಾ ನಿದ್ದೆ ಮಾತ್ರೆ ಸೇರಿದರೂ ಉಸಿರು ಕುಸಿಯಬಹುದು. ಕೆಲವು ತಿಂಗಳು ಬಿಟ್ಟಿದ್ದವನು ಹಳೇ ಅಳತೆಯಲ್ಲೇ ತೆಗೆದುಕೊಂಡರೂ ಅಷ್ಟೆ. ಮೇಲಾಗಿ ಆ ಪದದಲ್ಲಿ ಒಂದು ಆರೋಪ ಇದೆ. ಅದನ್ನು ಓದಿದ ಗೆಳೆಯರು ಪೊಲೀಸಿಗೆ ಹೆದರಿ ಬಾಗಿಲು ಹಾಕಿಕೊಂಡರೆ ಬೋರ್ಡು ಹಾಕಿ ಏನು ಬಂತು?

ಓಪಿಯಾಯ್ಡ್‌ಗೆ ‘ಗಸಗಸೆ ಗುಂಪು’ ಎಂದವರಿಗೆ: ಮದುವೆ ಊಟದಲ್ಲಿ ಪಾಯಸ ಕುಡಿದವರೆಲ್ಲ ಕ್ಲಿನಿಕ್ಕಿಗೆ ಓಡಿಬರಲಿ ಅಂತಲೇ? ‘ಮಾದಕವಸ್ತು’ ಕೂಡ ಸರಿಯಿಲ್ಲ. ಗಾಂಜಾ ಕೂಡ ಅದರಲ್ಲೇ ಬರುತ್ತದೆ, ಓಪಿಯಾಯ್ಡ್ ಓವರ್‌ಡೋಸಿಗೆ ಕೊಡುವ ನಲಾಕ್ಸೋನ್ ಗಾಂಜಾಕ್ಕೆ ಕೆಲಸ ಮಾಡುವುದಿಲ್ಲ. ಸಿಬ್ಬಂದಿಯ ಹಾಳೆಯಲ್ಲಿ ಹೆಸರು ಹಿಡಿದೇ ಬರೆಯಿರಿ: ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್, ಹೆರಾಯಿನ್.

ಇನ್ನು ನಲಾಕ್ಸೋನ್‌ಗೆ ‘ಅಮಲಿಳಿಸುವ ಮದ್ದು’ ಎಂಬ ಸಲಹೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಕ್ಷಮಿಸಿ. ಮದ್ದು ನನಗೆ ಬಲು ಇಷ್ಟದ ಪದ. ಹಳಗನ್ನಡದ ಮರ್ದು, ತಮಿಳಿನ ಮರುಂದು. ಇರ್ದು ಇದ್ದು ಆದ ಹಾಗೆ ಮರ್ದು ಮದ್ದಾಯಿತು. ಕಾಯಿಲೆಗೂ ಅದೇ, ಕೋವಿಗೂ ಅದೇ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಗಾಗಿ 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರಲ್ಲ, ಅದು ಟಿಪ್ಪು ಕಾಲದ ಮದ್ದಿನ ಮನೆ. (ಮದ್ದೂರನ್ನು ದಯವಿಟ್ಟು ಇಲ್ಲಿಗೆ ಎಳೆಯಬೇಡಿ. ಅದು ಬೇರೆ ಜಗಳ.) ಆದರೆ ಮಂಡ್ಯದ ಹಳ್ಳಿ ಕಡೆ ‘ಅವನಿಗೆ ಯಾರೋ ಮದ್ದು ಹಾಕವ್ರೆ’ ಎಂದರೆ ಊಟದಲ್ಲಿ ಕದ್ದು ವಿಷ ಹಾಕಿದ್ದಾರೆ, ಮಾಟ ಮಾಡಿದ್ದಾರೆ ಅಂತ ಅರ್ಥ. ನರ್ಸ್ ಬಂದು ‘ಮದ್ದು ಹಾಕ್ತೀನಿ’ ಅಂದರೆ ನೋಡುತ್ತಿದ್ದವರ ಮುಖ ಏನಾದೀತು?

‘ಇಳಿಸು’ ಅದಕ್ಕಿಂತ ಅಪಾಯ. ಅಮಲು ಇಳಿಸುವುದು ಅಂದ ಕೂಡಲೇ ನಮ್ಮವರ ಕೈ ನಿಂಬೆಹಣ್ಣು, ಮಜ್ಜಿಗೆ ಹುಡುಕುತ್ತದೆ. ಎಚ್ಚರ ತಪ್ಪಿದವನ ಬಾಯಿಗೆ ಮಜ್ಜಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಲಾಕ್ಸೋನ್ ಏನನ್ನೂ ಇಳಿಸುವುದೂ ಇಲ್ಲ. ಮಿದುಳಿನಲ್ಲಿ ಓಪಿಯಾಯ್ಡ್ ಕೂತಿದ್ದ ಸೀಟಿನಿಂದ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಸೀಟಿನಿಂದ ಎದ್ದ ಓಪಿಯಾಯ್ಡ್ ಬಸ್ಸಿನಿಂದ ಇಳಿದಿಲ್ಲ, ಅಲ್ಲೇ ನಿಂತಿರುತ್ತದೆ. ನಲಾಕ್ಸೋನ್ 30ರಿಂದ 90 ನಿಮಿಷದಲ್ಲಿ ಸೀಟು ಬಿಟ್ಟರೆ ಅದು ಮತ್ತೆ ಕೂರಬಹುದು, ಉಸಿರು ಮತ್ತೆ ಕುಸಿಯಬಹುದು. ಅದಕ್ಕೇ ರೋಗಿ ಕಣ್ಣುಬಿಟ್ಟು ‘ಏನೂ ಆಗಿಲ್ಲ, ರೂಮಿಗೆ ಹೋಗ್ತೀನಿ’ ಎಂದರೂ ದೊಡ್ಡಾಸ್ಪತ್ರೆಗೆ ಕಳಿಸಬೇಕು. ‘ಇಳಿಯಿತು’ ಎಂದುಕೊಂಡರೆ ಯಾರು ಕಳಿಸುತ್ತಾರೆ?

‘ಡೋಸ್ ಪರಕೀಯ, ಅಮಲು ಅಚ್ಚಗನ್ನಡ’ ಎಂದು ಗುಡುಗಿದ ಮೇಷ್ಟ್ರಿಗೆ: ಅಮಲು ಅರಬ್ಬಿಯಿಂದ ಬಂದದ್ದು ಸಾರ್. ಹಳೇ ಮೈಸೂರಿನ ಅಮಲ್ದಾರರೂ ಅದೇ ಬೇರಿನವರು. ಅಫೀಮು ಅರಬ್ಬಿಯ ಅಫ್ಯೂನ್, ಅದರ ಹಿಂದೆ ಗ್ರೀಕ್. ಡೋಸ್ ಕೂಡ ಗ್ರೀಕ್. ನೀವು ಮಡಿಯಲ್ಲಿಟ್ಟ ಮಾತ್ರೆ ಸಂಸ್ಕೃತ. ಆರು ನೂರು ವರ್ಷ ಹಿಂದೆ ಬಂದವರು ನೆಂಟರು, ನಿನ್ನೆ ಬಂದವರು ಕಳ್ಳರು, ಇದು ಯಾವ ನ್ಯಾಯ? ಹೊಸ ಪದ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಕಟ್ಟಿ, ಪಠ್ಯಪುಸ್ತಕದಲ್ಲಿ ಹಾಕಿ, ಮಕ್ಕಳು ಕಲಿಯಲಿ. ಕ್ಲಿನಿಕ್ಕಿನ ಗೋಡೆ ಅದಕ್ಕೆ ಜಾಗ ಅಲ್ಲ.

ಮೇಡಂ, ಇನ್ನೊಂದು ಮಾತು. ನೀವು ಮುಂದಿಟ್ಟುಕೊಂಡಿರುವುದು ಅಮೆರಿಕದ ಕ್ಯಾಂಪಸ್ಸಿನ ಪೋಸ್ಟರ್. ‘ಮೂಗಿಗೆ ಸ್ಪ್ರೇ ಮಾಡಿ’ ಎಂಬ ಸಾಲನ್ನು ಕನ್ನಡಕ್ಕೆ ತರಬೇಡಿ. ಅಲ್ಲಿ 2023ರಿಂದ ಆ ಸ್ಪ್ರೇ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಇಂಜೆಕ್ಷನ್. ಅದು ನಿಮ್ಮ ಸಿಬ್ಬಂದಿಯ ಕೆಲಸ, ರೂಮ್‌ಮೇಟಿನದಲ್ಲ.

ಹಾಗಾಗಿ ಬೋರ್ಡಿಗೆ ಇಷ್ಟು ಸಾಕು ಅನಿಸುತ್ತದೆ. ಡಾಕ್ಟರಿಗೆ ಒಮ್ಮೆ ತೋರಿಸಿಬಿಡಿ.

‘ಅಲುಗಾಡಿಸಿ ಕೂಗಿದರೂ ಏಳುತ್ತಿಲ್ಲವೇ? ಉಸಿರು ತೀರಾ ನಿಧಾನವೇ, ಗೊರಗೊರ ಎನ್ನುತ್ತಿದೆಯೇ? ತುಟಿ, ಉಗುರು ನೀಲಿಯಾಗಿವೆಯೇ? ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆಯೇ? ಓವರ್‌ಡೋಸ್ ಆಗಿರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ, ಕ್ಲಿನಿಕ್ಕಿಗೂ ತಿಳಿಸಿ. ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಏನು ತೆಗೆದುಕೊಂಡರು ಎಂಬುದು ಗೊತ್ತಿದ್ದರೆ ಮುಚ್ಚಿಡದೆ ಹೇಳಿ.’

ಉಸಿರು ನಿಂತವರಿಗೆ ಏನು ಮಾಡಬೇಕು ಎಂಬುದಕ್ಕೆ ಬೇರೆ ಚಿತ್ರ ಹಾಕಿಸಿ. ಮಾತಿನಲ್ಲಿ ಬರೆದರೆ ಯಾರೂ ಓದುವುದಿಲ್ಲ.

108ನ್ನು ಕನ್ನಡ ಅಂಕಿಯಲ್ಲೇ ಬರೆಸಬೇಕು ಎಂದು ಈಗಷ್ಟೇ ಒಬ್ಬರು ಬರೆದಿದ್ದಾರೆ. ಬೇಡ. ಕೇರಳದ ಹುಡುಗಿಯೂ ಬೈಲಕುಪ್ಪೆಯ ಟಿಬೆಟನ್ ಹುಡುಗನೂ ಓದಬೇಕಾದ ಬೋರ್ಡು ಅದು. ಅದೇ ಮಾತನ್ನು ಕೆಳಗೆ ಇಂಗ್ಲಿಷಿನಲ್ಲೂ ಹಾಕಿಸಿ, ಬೈಯುವವರು ನನ್ನನ್ನು ಬೈಯಲಿ.