ಬಾತ್‌ರೂಮಿನ ನೆಲ ಜಗ್ಗುತ್ತಿದೆ, ಮೇಲೆ ಪ್ಲೈವುಡ್ ಹೊಡೆದರೆ ಸಾಕಾ?

ಪ್ರಶ್ನೆ: ಸರ್, ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ. ಮನೆ 1980ರ ದಶಕದ್ದು, ನಾವು ತಗೊಂಡಿದ್ದು ಈಚೆಗೆ. ಮಹಡಿ ಮೇಲಿನ ಬಾತ್‌ರೂಮಿನಲ್ಲಿ ಕಮೋಡ್ ಪಕ್ಕ ಕಾಲಿಟ್ಟರೆ ನೆಲ ಜಗ್ಗುತ್ತದೆ. ವಿನೈಲ್ ಶೀಟ್ ಎತ್ತಿದರೆ ಕೆಳಗಿನ ಚಿಪ್‌ಬೋರ್ಡ್ ಕಪ್ಪಾಗಿ ಉಬ್ಬಿದೆ. ಉಗುರಲ್ಲಿ ಕೆರೆದರೆ ರವೆ ಹಾಗೆ ಉದುರುತ್ತದೆ. ನೋಡೋಕೆ ಬಂದ ಬಿಲ್ಡರ್ 'ಮೇಲೊಂದು ಪ್ಲೈವುಡ್ ಹೊಡೆದರೆ ಆಯ್ತು' ಅಂತಾರೆ. ಸಾಕಾಗುತ್ತಾ?

ಉತ್ತರ (ಬಡಗಿ ಕೆಲಸದವರು): ಸಾಕಾಗಲ್ಲ. ಉದುರೋ ಬೋರ್ಡಿನಲ್ಲಿ ಸ್ಕ್ರೂ ಎಲ್ಲಿ ಕಚ್ಚುತ್ತದೆ ಹೇಳಿ? ತೇವ ಒಳಗೇ ಉಳಿಯುತ್ತದೆ, ಕೊಳೆಯೋದು ಮುಂದುವರಿಯುತ್ತದೆ. ಚಿಪ್‌ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ. ಒಮ್ಮೆ ನೀರು ಕುಡಿದು ಉಬ್ಬಿತು ಅಂದರೆ, ಒಣಗಿದ ಮೇಲೂ ಹಳೇ ಗಟ್ಟಿತನ ವಾಪಸ್ ಬರಲ್ಲ. ಕತ್ತರಿಸಿ ತೆಗೆಯೋದೇ ದಾರಿ.

ಅದಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಕಮೋಡ್ ಹಿಂದಿನ ಪೈಪಿನ ಜಾಯಿಂಟ್‌ಗೆ ಒಣ ಟಿಶ್ಯೂ ಸುತ್ತಿ ನಾಲ್ಕೈದು ಸಲ ಫ್ಲಶ್ ಮಾಡಿ. ಒದ್ದೆಯಾದರೆ ಕಳ್ಳ ಸಿಕ್ಕ. ಇಲ್ಲದಿದ್ದರೆ ಬಾತ್‌ಟಬ್ ಅಂಚಿಗೂ ಗೋಡೆಗೂ ನಡುವಿನ ಸಂದಿಗೆ ತುಂಬಿದ ಸಿಲಿಕೋನ್, ಅಂದರೆ ನೀರು ತಡೆಯೋ ರಬ್ಬರಿನಂಥ ಅಂಟು, ನೋಡಿ. ಟಬ್ ತುಂಬಿದಾಗ ಭಾರಕ್ಕೆ ಸ್ವಲ್ಪ ಕುಸಿದು ಆ ಸಂದು ಬಾಯಿ ಬಿಡುತ್ತದೆ. ಅದಕ್ಕೇ ಹೊಸ ಸಿಲಿಕೋನ್ ಹಾಕುವಾಗ ಟಬ್ ತುಂಬಿಸಿಟ್ಟು ಹಾಕಬೇಕು. ಸುಮಾರು ಜನ ಇದನ್ನು ಮಾಡೋದೇ ಇಲ್ಲ.

ಕತ್ತರಿಸುವಾಗ ಹುಷಾರು. ಈ ಮನೆಗಳಲ್ಲಿ ಹೀಟಿಂಗ್ ಪೈಪುಗಳು ಬೋರ್ಡಿನ ಕೆಳಗೇ, ಜಾಯಿಸ್ಟ್ ಅಂದರೆ ಮರದ ತೊಲೆಯ ಮೇಲ್ತುದಿಯಲ್ಲಿ ಕಚ್ಚು ಹಾಕಿ ಕೂರಿಸಿರುತ್ತಾರೆ. ಗರಗಸದ ಆಳವನ್ನು ಬೋರ್ಡಿನ ದಪ್ಪಕ್ಕೆ ಮಾತ್ರ ಇಡಿ. ಮೊದಲು ಕರೆಂಟ್ ಆಫ್ ಮಾಡಿ. ಹಳೇ ಮೊಳೆಗಳ ಸಾಲು ನೋಡಿದರೆ ತೊಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ತೊಲೆಯ ನಡುಮಧ್ಯಕ್ಕೆ ಕತ್ತರಿಸಿ, ಆಗ ಹಳೇದು ಹೊಸದು ಎರಡೂ ಅದರ ಮೇಲೆ ಕೂರುತ್ತವೆ. ಉಳಿದೆರಡು ಅಂಚಿಗೆ ತೊಲೆಗಳ ನಡುವೆ ಅಡ್ಡ ಮರದ ತುಂಡು ಕೊಡಿ. ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸುಲಭವಾಗಿ ಇಳಿದರೆ ಅಲ್ಲೇ ನಿಲ್ಲಿಸಿ, ತಿಳಿದವರನ್ನು ಕರೆಸಿ.

ಹೊಸ ಚಿಪ್‌ಬೋರ್ಡ್ 'ಪಿ5' ಅಂತಿರೋದೇ, ಅಂದರೆ ತೇವ ತಡೆಯೋ ದರ್ಜೆಯದೇ ತನ್ನಿ, ಸಾಮಾನ್ಯವಾಗಿ ಹಸಿರು ಛಾಯೆ ಇರುತ್ತದೆ. ದಪ್ಪ ಹಳೇದರಷ್ಟೇ ಇರಲಿ. ತೊಲೆಗಳ ಅಂತರ 450 ಮಿಲಿಮೀಟರ್ ಒಳಗಿದ್ದರೆ 18 ಮಿ.ಮೀ., 600 ಇದ್ದರೆ 22 ಮಿ.ಮೀ. ತೊಲೆ ಪೂರ್ತಿ ಒಣಗಿದ ಮೇಲೆ ಅಂಟು ಹಚ್ಚಿ ಸ್ಕ್ರೂ ಹಾಕಿ. ಬರೀ ಮೊಳೆ ಹೊಡೆದರೆ ನಾಳೆ ಕಿರ್ ಕಿರ್ ಅನ್ನೋಕೆ ಶುರುವಾಗುತ್ತದೆ. ಪಿ5 ತೇವ ತಡೆಯುತ್ತದೆ, ನಿಂತ ನೀರನ್ನಲ್ಲ. ನಮ್ಮೂರ ಹಾಗೆ ಬಕೆಟ್ ನೀರು ಸುರಿದು ತೊಳೆಯೋ ನೆಲ ಇದಲ್ಲ, ಊರಿಂದ ಅಪ್ಪ ಅಮ್ಮ ಬಂದಾಗ ಮೊದಲೇ ಹೇಳಿಬಿಡಿ!

ಪ್ರಶ್ನೆ: ಥ್ಯಾಂಕ್ಸ್ ಸರ್. ಆದರೆ ಹಾಳಾದ ಬೋರ್ಡ್ ಪಕ್ಕದ ಗೋಡೆಯ ಅಡಿಗೂ ಹೋಗಿದೆ. ಗೋಡೆ ಒಡೀಬೇಕಾ?

ಉತ್ತರ: ಬೇಡ. ಬೋರ್ಡ್ ಹಾಸಿ ಅದರ ಮೇಲೇ ಆ ಪಾರ್ಟಿಷನ್ ಎಬ್ಬಿಸಿರುತ್ತಾರೆ. ಗೋಡೆಗೆ ತಾಗಿದ ಹಾಗೆ ಕತ್ತರಿಸಿ, ಅಡಿಯಿಂದ ಮರದ ತುಂಡು ಕೊಟ್ಟು ಎರಡೂ ಅಂಚಿಗೆ ಆಸರೆ ಮಾಡಿ. ಗೋಡೆ ಅಡಿಯ ಬೋರ್ಡೂ ಮೆತ್ತಗಾಗಿದ್ದರೆ ಮಾತ್ರ ಯಾರಾದರೂ ಬಂದು ನೋಡಬೇಕು.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ಮದು ಕೆಳಮನೆ, ಕಾಂಕ್ರೀಟ್ ಮೇಲೆ ಥರ್ಮೋಕೋಲ್, ಅದರ ಮೇಲೆ ಚಿಪ್‌ಬೋರ್ಡ್. ವಾಷಿಂಗ್ ಮೆಷಿನ್ ನೀರು ಚೆಲ್ಲಿತ್ತು. ಮೇಲೆ ಒಣಗಿದೆ, ಬಿಡಬಹುದಲ್ವಾ?

ಉತ್ತರ: ಬಿಡಬೇಡಿ. ಆ ಥರದ ನೆಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ನೀರು ಅದರ ಮೇಲೆ ಸಿಕ್ಕಿಕೊಂಡರೆ ಎಲ್ಲಿಗೂ ಹೋಗಲ್ಲ. ಮೆಷಿನ್ ಸರಿಸಿ ಮೂಲೆಯಲ್ಲೊಂದು ತುಂಡು ಎತ್ತಿ ನೋಡಿ. ಎತ್ತುವ ಮೊದಲು ಫೋಟೋ ತೆಗೆದು ಇನ್ಶೂರೆನ್ಸಿನವರಿಗೆ ಫೋನ್ ಮಾಡಿ. ದಿಢೀರ್ ಅಂತ ಚೆಲ್ಲಿದ ನೀರಿಗೆ ಸಾಮಾನ್ಯವಾಗಿ ಕವರ್ ಇರುತ್ತದೆ, ದಿನಾ ಜಿನುಗಿದ್ದಕ್ಕೆ ಕಷ್ಟ.