1999ರ ಮಿಯಾಟಾ: ಸ್ಪ್ರಿಂಗ್ ಬದಲಾಯಿಸಿದ ಮೇಲೆ ತಿರುವಿನ ಮಧ್ಯೆ ಹಿಂಭಾಗ ಒಮ್ಮೆಲೇ ಜಾರುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇನೆ. ಗಾಡಿ 1999ರ ಮಾಜ್ದಾ ಮಿಯಾಟಾ, ಆಫೀಸಿಗೂ ಇದೇ, ರೇಸ್ ಟ್ರ್ಯಾಕಿನಲ್ಲಿ ನಮ್ಮದೇ ಗಾಡಿ ಓಡಿಸುವ ಟ್ರ್ಯಾಕ್ ಡೇಗೂ ಇದೇ. ಕಂಪನಿಯ ಶಾಕ್ ಅಬ್ಸಾರ್ಬರ್‌ಗಳನ್ನು ಹಾಗೇ ಬಿಟ್ಟು ಗಾಡಿ ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಹಾಕಿಸಿದೆ. ರಸ್ತೆಯಲ್ಲಿ ತೊಂದರೆಯಿಲ್ಲ. ಥಂಡರ್‌ಹಿಲ್ ರೇಸ್ ಟ್ರ್ಯಾಕಿನ 2ನೇ ತಿರುವು, ಆ ಉದ್ದನೆಯ ಎಡತಿರುವಿನಲ್ಲಿ ಮಾತ್ರ ಸ್ಟೀರಿಂಗ್, ಆಕ್ಸಿಲರೇಟರ್ ಎರಡನ್ನೂ ಅಲುಗಿಸದೆ ಹಿಡಿದಿದ್ದರೂ ಸಣ್ಣ ಉಬ್ಬು ಸಿಕ್ಕ ಕೂಡಲೇ ಹಿಂಭಾಗ ಹೊರಕ್ಕೆ ಹಾರುತ್ತದೆ. ಸುಳಿವೇ ಕೊಡುವುದಿಲ್ಲ. ಹಿಂದಕ್ಕೆ ದಪ್ಪನೆಯ ಆಂಟಿ-ರೋಲ್ ಬಾರ್ (ಗಾಡಿ ವಾಲುವುದನ್ನು ತಡೆಯುವ ಕಂಬಿ) ಹಾಕಲೇ, ದುಬಾರಿ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ತೆಗೆದುಕೊಳ್ಳಲೇ? ಟೈರ್ ಹೊಸದು, ಗಾಳಿಯೂ ಸರಿಯಿದೆ.

ಉತ್ತರ:
ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ದಪ್ಪ ಬಾರ್ ಅಂತೂ ಬೇಡವೇ ಬೇಡ. ಅದು ಹಿಂದಿನ ಹೊರಚಕ್ರದ ಮೇಲೆ ಭಾರವನ್ನು ಇನ್ನಷ್ಟು ಹೇರುತ್ತದೆ, ಜಾರುವುದು ಹೆಚ್ಚೇ ಆಗುತ್ತದೆ.

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ಸುಳಿವೇ ಕೊಡುವುದಿಲ್ಲ' ಅನ್ನುವುದು. ಹಿಂದಿನ, ಮುಂದಿನ ಚಕ್ರಗಳ ಹಿಡಿತ ಒಂದಕ್ಕೊಂದು ಹೊಂದದಿದ್ದರೆ ಗಾಡಿ ಮೆಲ್ಲಗೆ ಜಾರುತ್ತದೆ, ಕೈಗೆ ಗೊತ್ತಾಗುತ್ತದೆ. ಹೀಗೆ ತಟ್ಟನೆ ಕೈಬಿಟ್ಟರೆ ನನ್ನ ಅನುಮಾನ ಬಂಪ್ ಸ್ಟಾಪ್ ಮೇಲೆ, ಅಂದರೆ ಸಸ್ಪೆನ್ಷನ್ ಪೂರ್ತಿ ಕುಗ್ಗುವಾಗ ತಡೆಯುವ ರಬ್ಬರಿನ ಮೇಲೆ. ಈ ಗಾಡಿಯ ಸಸ್ಪೆನ್ಷನ್ನಿಗೆ ಮೊದಲೇ ಕುಗ್ಗುವ ಜಾಗ ಕಡಿಮೆ. ತಗ್ಗಿಸಿದಾಗ ಅದರಲ್ಲೂ ಒಂದು ಪಾಲು ಹೋಯಿತು. ತಿರುವಿನಲ್ಲಿ ಗಾಡಿ ವಾಲಿ ಉಳಿದದ್ದೂ ಮುಗಿದಾಗ ಬಲ ಹಿಂಚಕ್ರ ಬಂಪ್ ಸ್ಟಾಪ್ ರಬ್ಬರಿಗೆ ಒರಗುತ್ತದೆ. ಆ ಕ್ಷಣದಿಂದ ಆ ಮೂಲೆಯ ಸ್ಪ್ರಿಂಗ್ ಹಲವು ಪಟ್ಟು ಗಟ್ಟಿಯಾದಂತೆ, ಟೈರ್ ತಡೆಯುವುದಿಲ್ಲ. ಮುಂದಿನ ಚಕ್ರಕ್ಕೆ ಹೀಗಾದರೆ ಗಾಡಿ ತಿರುಗದೆ ನೇರ ಹೋಗುತ್ತದೆ.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಧೂಳಿನ ಬೂಟ್ ಮೇಲೆತ್ತಿ, ನಾಲ್ಕೂ ಶಾಕ್‌ಗಳ ರಾಡಿಗೆ ಒಂದೊಂದು ಪ್ಲಾಸ್ಟಿಕ್ ಜಿಪ್ ಟೈ ಬಿಗಿದು, ಕೆಳಗೆ ಶಾಕ್‌ನ ಮೈಗೆ ತಾಗುವಂತೆ ಸರಿಸಿ. ಒಂದು ಸೆಷನ್ ಓಡಿಸಿ ಬನ್ನಿ. ಟೈ ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಕುಗ್ಗಿದೆ ಎಂದರ್ಥ. ಟ್ರ್ಯಾಕಿಗೆ ಹೋಗುವ ದಾರಿಯಲ್ಲಿ ಗುಂಡಿಗೆ ಇಳಿಸಿದರೆ ಅಳತೆ ಕೆಡುತ್ತದೆ, ಟ್ರ್ಯಾಕಿಗೆ ಹೋದ ಮೇಲೆಯೇ ಟೈ ಕೆಳಕ್ಕೆ ಸರಿಸಿ.

ಪ್ರಶ್ನೆ ಕೇಳಿದವರು:
ಸರ್, ನೀವು ಹೇಳಿದ ಹಾಗೇ ಆಗಿದೆ. ಬಲ ಹಿಂದಿನ ಟೈ ರಬ್ಬರಿನವರೆಗೆ ಹೋಗಿ ಒತ್ತಿಕೊಂಡಿದೆ. ಮುಂದೆ ಸ್ವಲ್ಪ ಜಾಗ ಉಳಿದಿದೆ. ಹಾಗಾದರೆ ರಬ್ಬರ್ ಕತ್ತರಿಸಿದರೆ ಸಾಕಾ?

ಉತ್ತರ:
ಬರೀ ಕತ್ತರಿಸಿದರೆ ಶಾಕ್ ಒಳಗೆ ಲೋಹಕ್ಕೆ ಲೋಹ ಬಡಿದು ವಾಲ್ವ್ ಹಾಳಾಗುತ್ತದೆ. ಬೇಕಿರುವುದು ಗಾಡಿಯ ಎತ್ತರ, ಗಟ್ಟಿ ಸ್ಪ್ರಿಂಗ್, ಆ ಸ್ಪ್ರಿಂಗನ್ನು ಹಿಡಿಯಬಲ್ಲ ಶಾಕ್. ಇವು ಮೂರೂ ಜೊತೆಗೇ ಬರಬೇಕು. ಸ್ಪೆಕ್ ಮಿಯಾಟಾ ರೇಸ್ ಗಾಡಿಗಳಲ್ಲಿ ಮುಂದೆ 700, ಹಿಂದೆ 325 ಪೌಂಡ್/ಇಂಚ್ (ಒಂದು ಇಂಚು ಕುಗ್ಗಿಸಲು ಬೇಕಾದ ಭಾರ) ಸ್ಪ್ರಿಂಗ್ ಇರುತ್ತವೆ. ಆಫೀಸಿಗೂ ಓಡಿಸುವ ನಿಮಗೆ ಅಷ್ಟು ಬೇಡ. ನಾನಾದರೆ ಮುಂದೆ 450ರ ಆಸುಪಾಸು, ಹಿಂದೆ 300ರ ಆಸುಪಾಸು ಹಾಕುತ್ತೇನೆ. ಜೊತೆಗೆ ಬಂಪ್ ಸ್ಟಾಪ್‌ಗೆ ನಿಧಾನವಾಗಿ ಗಟ್ಟಿಯಾಗುವ ಗಿಡ್ಡ ಫೋಮ್.

ಎತ್ತರವನ್ನು ನೆಲದಿಂದ ಅಳೆಯಬೇಡಿ, ಟೈರ್ ಬದಲಾದರೆ ಲೆಕ್ಕ ತಪ್ಪುತ್ತದೆ. ಹಬ್‌ನ (ಚಕ್ರದ ಗುಂಬ) ಮಧ್ಯದಿಂದ ಮೇಲಿನ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿನವರೆಗೆ ಅಳೆಯಿರಿ, 12.5 ಇಂಚಿಗಿಂತ ಕೆಳಗೆ ಹೋಗಬೇಡಿ. ತುಂಬ ತಗ್ಗಿಸಿದರೆ ರೋಲ್ ಸೆಂಟರ್ (ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗಿಳಿದು ಗಾಡಿ ಇನ್ನೂ ಹೆಚ್ಚು ವಾಲಲು ನೋಡುತ್ತದೆ. ನೋಟಕ್ಕೆ ತಗ್ಗಿಸಿ ವೇಗ ಕಳೆದುಕೊಂಡ ಒಳ್ಳೊಳ್ಳೆ ಗಾಡಿಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಶಾಕ್‌ಗೆ ಬಿಗಿ ಹೊಂದಿಸುವ ನೂರು ಕ್ಲಿಕ್ ಬೇಕಿಲ್ಲ. ಕೋನಿ ಸ್ಪೋರ್ಟ್‌ನಂಥವು ರೀಬೌಂಡ್ (ಕುಗ್ಗಿದ ಶಾಕ್ ಮತ್ತೆ ಹಿಗ್ಗುವಾಗಿನ ತಡೆ) ಒಂದನ್ನೇ ಹೊಂದಿಸಲು ಬಿಡುತ್ತವೆ, ಈ ಸ್ಪ್ರಿಂಗ್‌ಗಳಿಗೆ ಸಾಕು. ರೀಬೌಂಡ್ ಅತಿಯಾಗಿ ಬಿಗಿ ಮಾಡಿದರೆ ಒಂದು ಉಬ್ಬಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚಕ್ರ ಪೂರ್ತಿ ಕೆಳಗಿಳಿಯುವುದಿಲ್ಲ, ಗಾಡಿ ಕುಗ್ಗುತ್ತ ಕುಗ್ಗುತ್ತ ಮತ್ತೆ ಬಂಪ್ ಸ್ಟಾಪ್ ಮೇಲೇ ಕೂರುತ್ತದೆ.

ಜೋಡಿಸುವಾಗ ಗಮನಿಸಿ: ಸಸ್ಪೆನ್ಷನ್ ತೋಳುಗಳ ಬೋಲ್ಟುಗಳನ್ನು ಗಾಡಿ ಜಾಕ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಿರಿ, ಇಲ್ಲವಾದರೆ ರಬ್ಬರ್ ಬುಶ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಮೇಲೆ ಅಲೈನ್‌ಮೆಂಟ್. ಕ್ಯಾಂಬರ್ (ಚಕ್ರ ನೆಟ್ಟಗಿರದೆ ವಾಲಿರುವ ಕೋನ; ಮೈನಸ್ ಅಂದರೆ ತಲೆ ಒಳಕ್ಕೆ) ಮುಂದೆ ಮೈನಸ್ 2.5 ಡಿಗ್ರಿ, ಹಿಂದೆ ಮೈನಸ್ 2. ಟೋ (ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಮುಂದೆ ಸೊನ್ನೆ, ಹಿಂದೆ ಒಟ್ಟು ಒಂದೂವರೆ ಮಿಲಿಮೀಟರ್ ಒಳಕ್ಕೆ. ಕಾರ್ನರ್ ವೆಯ್ಟ್ (ನಾಲ್ಕೂ ಚಕ್ರಗಳ ಮೇಲಿನ ಭಾರ ತೂಗಿ ಹೊಂದಿಸುವುದು) ಮಾಡಿಸುವುದಾದರೆ ನಿಮ್ಮಷ್ಟು ತೂಕ ಸೀಟಿನಲ್ಲಿಟ್ಟು, ಆಂಟಿ-ರೋಲ್ ಬಾರ್‌ಗಳ ಲಿಂಕ್ ಕಳಚಿ ಮಾಡಿಸಿ. ಕ್ರಾಸ್ ವೆಯ್ಟ್, ಅಂದರೆ ಓರೆಯಾಗಿ ಎದುರಿರುವ ಎರಡು ಚಕ್ರಗಳ ಮೇಲಿನ ಭಾರದ ಪಾಲು, 50 ಶೇಕಡಾ ಬಂದರೆ ಸಾಕು.

ಎಲ್ಲ ಮುಗಿದ ಮೇಲೆ ಮತ್ತೆ ಜಿಪ್ ಟೈ ಹಾಕಿ 2ನೇ ತಿರುವಿಗೇ ಹೋಗಿ. ವೇಗ ಸ್ಥಿರವಾಗಿಡಬಹುದಾದ ಅಂಥ ಉದ್ದನೆಯ ತಿರುವಿನಲ್ಲಿ ಬದಲಾವಣೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ನಾಲ್ಕೂ ಟೈಗಳ ಅಳತೆ, ಅಲೈನ್‌ಮೆಂಟ್ ಚೀಟಿ ಎರಡನ್ನೂ ಇಲ್ಲಿ ಹಾಕಿ. ಹಿಂದಿನ ಬಾರ್ ತೆಗೆಯಬೇಕೋ ಬೇಡವೋ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.